ಅಳಿಯಂದ್ರೇ, ಟೇಮೆಷ್ಟು?

ನನಗೊಂದು ಚಟವಿದೆ. ಎಲೆಅಡಿಕೆಯದಲ್ಲ, ಇಸ್ಪೀಟಿನದೂ ಅಲ್ಲ. ಬರಿಯ ಮಣಿಕಟ್ಟನ್ನು ನೋಡಿಕೊಳ್ಳುವ ಚಟ. ಬಸ್ಸು ತಡವಾದರೆ, ಮದುವೆ ಮನೆಯಲ್ಲಿ ಎರಡನೇ ಪಂಕ್ತಿ ಏಳದಿದ್ದರೆ, ಯಾರಾದರೂ ತಮ್ಮ ಸೊಂಟನೋವಿನ ಕಥೆ ಶುರು ಮಾಡಿದರೆ ನನ್ನ ಎಡಗೈ ತಾನಾಗಿ ಮೇಲೇಳುತ್ತದೆ. ಬಲಗೈ ಅಂಗಿಯ ತೋಳನ್ನು ಹಿಂದಕ್ಕೆ ಸರಿಸುತ್ತದೆ. ಅಲ್ಲಿ ವಾಚಿಲ್ಲ. ಒಂದಿಷ್ಟು ನರೆತ ಕೂದಲು, ಒಂದು ಮಚ್ಚೆ, ಅಷ್ಟೆ. ಆದರೂ ನೋಡಿ, 'ಹತ್ತೂ ಕಾಲಾಯ್ತು' ಎಂದು ಹೇಳಿಬಿಡುತ್ತೇನೆ. ಬಹಳ ಸಲ ಸರಿಯಾಗಿಯೇ ಇರುತ್ತದೆ. ನಾನು ವಿಜ್ಞಾನದ ಮೇಷ್ಟ್ರಾಗಿದ್ದ ಶಾಲೆಯಲ್ಲಿ ಮಕ್ಕಳು ನನಗೆ ಚರ್ಮದ ಗಡಿಯಾರ ಎಂದು ಹೆಸರಿಟ್ಟಿದ್ದರಂತೆ. ಕಳೆದ ವರ್ಷ ನಿವೃತ್ತಿಯ ದಿನ ಭಾಷಣ ಮಾಡಿದ ಹುಡುಗಿಯೊಬ್ಬಳು ಬಾಯಿತಪ್ಪಿ ಹೇಳಿದಾಗಲೇ ನನಗೆ ಗೊತ್ತಾದದ್ದು.

ಹಾಗಾದರೆ ಒಂದು ವಾಚು ಕೊಳ್ಳಬಾರದೇ ಎಂದು ನೀವು ಕೇಳುತ್ತೀರಿ. ರಾಮನಗರದ ಬಸ್ ಸ್ಟ್ಯಾಂಡಿನ ಮುಂದೆ ಇನ್ನೂರು ರೂಪಾಯಿಗೆ ಸಿಗುತ್ತದೆ, ನಿಜ. ಆದರೆ ನಾನು ಬೇರೆ ಯಾವ ವಾಚನ್ನು ಕಟ್ಟಿದರೂ, ಮದುವೆಯಲ್ಲಿ ನನಗೊಂದು ವಾಚು ಕೊಟ್ಟಿದ್ದ ಮಾವನವರು 'ನಂದೆಲ್ಲಿ?' ಎಂದು ಕೇಳುತ್ತಿದ್ದರು. ಕಟ್ಟದಿದ್ದರೆ 'ಅಷ್ಟು ಬೆಲೆಬಾಳೋದನ್ನ ದಿನಾ ಕಟ್ಟೋಕಾಗುತ್ತಾ ಮಾವ, ಲಾಕರಿನಲ್ಲಿಟ್ಟಿದೀನಿ' ಎನ್ನಬಹುದಿತ್ತು. ಈ ಒಂದು ಮಾತಿನ ಮರ್ಯಾದೆ ಉಳಿಸಲು ಇಪ್ಪತ್ತೆಂಟು ವರ್ಷ ಬರಿಗೈಯಲ್ಲಿ ಬದುಕಿದೆ.

ಈ ಮಾವನವರನ್ನು ನಿಮಗೆ ಪರಿಚಯಿಸಬೇಕು. ಚನ್ನಪಟ್ಟಣದವರು. ಆಲೆಮರ ಎಂಬ ಮೆದುವಾದ ಬಿಳಿ ಮರದ ತುಂಡನ್ನು ಲೇತಿಗೆ ಕೊಟ್ಟು, ತಿರುಗುವಾಗ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸಿ, ಒಣಗಿದ ತಾಳೆಗರಿಯಿಂದ ಉಜ್ಜಿ ಬೊಂಬೆ ಮಾಡುವುದು ಅವರ ಕಸುಬು. ಈಗ ಎಂಬತ್ತನಾಲ್ಕು. ಇವತ್ತಿಗೂ ಬೆಳಿಗ್ಗೆ ಒಂದು ಗಂಟೆ ಲೇತಿನ ಮುಂದೆ ಕೂರದಿದ್ದರೆ ಅವರಿಗೆ ತಿಂಡಿ ಸೇರುವುದಿಲ್ಲ. ಅವರ ಮನೆಯಲ್ಲಿ ಹೊಳೆಯದ ಸಾಮಾನು ಎಂಬುದೇ ಇಲ್ಲ. ಹಿತ್ತಲ ಬಾಗಿಲ ಚಿಲಕ ಹೊಳೆಯುತ್ತದೆ. ದನ ಕಟ್ಟುವ ಗೂಟದ ತಲೆ ಕೂಡ ಹೊಳೆಯುತ್ತದೆ. ಮದುವೆಯಾದ ಹೊಸದರಲ್ಲಿ ನಾನು ಊಟಕ್ಕೆ ಕೂತಾಗ ಅವರು ನನ್ನ ಬೋಳುತಲೆಯ ಆರಂಭವನ್ನು ಮೆಚ್ಚುಗೆಯಿಂದ ನೋಡುತ್ತಿದ್ದರೆಂದು ನನ್ನ ಅನುಮಾನ.

ಮದುವೆಗೆ ಮುಂಚೆ, ಯಾವುದೋ ದೇಶದ ಬೊಂಬೆ ವ್ಯಾಪಾರಿಯೊಬ್ಬ ಅವರ ಬಳಿ ಮೂರು ತಿಂಗಳು ಕೂತು ಕೆಲಸ ಕಲಿತನಂತೆ. ಮಾವನವರು ಅವನನ್ನು 'ದೊರೆ' ಎನ್ನುತ್ತಿದ್ದರು. ಮುದ್ದೆ ನುಂಗುವುದನ್ನೂ ಅವರೇ ಕಲಿಸಿದರು. ಹೊರಡುವ ದಿನ ಆ ದೊರೆ ಕಣ್ಣೀರು ಹಾಕಿಕೊಂಡು ತನ್ನ ಕೈಯ ವಾಚನ್ನು ಬಿಚ್ಚಿ ಮಾವನವರ ಕೈಗೆ ಕಟ್ಟಿದ. ಮಾವನವರು ಅದನ್ನು ಒಂದು ದಿನವೂ ಹಾಕಿಕೊಳ್ಳಲಿಲ್ಲ. ಮಗಳನ್ನು ಕೊಡುವ ಅಳಿಯನಿಗಿರಲಿ ಎಂದು ಎತ್ತಿಟ್ಟರು. ಧಾರೆಯಾದ ಮೇಲೆ ಮಂಟಪದಲ್ಲೇ ನನ್ನ ಕೈಗೆ ಕಟ್ಟಿದರು. ಫೋಟೋದವನು 'ಒಸಿ ಕೈ ಇಳ್ಸಿ ಸಾರ್, ಲೈಟ್ ಹೊಡೀತಾ ಐತೆ' ಎಂದು ನಾಲ್ಕು ಸಲ ಗೊಣಗಿದ. ನಮ್ಮ ಆಲ್ಬಮ್ಮಿನ ಯಾವ ಫೋಟೋ ನೋಡಿದರೂ ನನ್ನ ಎಡ ಮಣಿಕಟ್ಟಿನ ಜಾಗದಲ್ಲಿ ಬರೀ ಒಂದು ಬಿಳಿ ಚುಕ್ಕೆ.

ಸತ್ಯ ಹೇಳುತ್ತೇನೆ, ನನಗೆ ಆ ವಾಚು ಹಿಡಿಸಲಿಲ್ಲ. ಬಂಗಾರದ ಬಣ್ಣದ್ದಲ್ಲ, ಉಕ್ಕಿನದು. ಕಪ್ಪು ಡಯಲ್ಲು. ಭಾರ ಬೇರೆ. ಬ್ಯಾಟರಿ ಇಲ್ಲ, ಕೀ ಕೊಡುವ ಹಾಗೂ ಇಲ್ಲ. ಕೈಗೆ ಕಟ್ಟಿಕೊಂಡು ಓಡಾಡಿದರೆ ಆ ಅಲುಗಾಟಕ್ಕೆ ನಡೆಯುತ್ತಿತ್ತು. ಶನಿವಾರ ಬಿಚ್ಚಿಟ್ಟರೆ ಸೋಮವಾರ ನಿಂತಿರುತ್ತಿತ್ತು. ಮಾವ ಯಾರದೋ ಹಳೆಯ ಕೆಟ್ಟ ವಾಚನ್ನು ನನಗೆ ದಾಟಿಸಿದ್ದಾರೆ ಎಂದು ಒಳಗೊಳಗೇ ಸಿಟ್ಟು. ಅದೇ ಹೊತ್ತಿಗೆ ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಒಂದು ಡಿಜಿಟಲ್ ವಾಚು ಕಟ್ಟಿಕೊಂಡು ಬಂದರು. ಅದರಲ್ಲಿ ಲೆಕ್ಕ ಮಾಡಬಹುದಿತ್ತು, ಲೈಟು ಹತ್ತುತ್ತಿತ್ತು, ಗಂಟೆಗೊಮ್ಮೆ ಸಂಗೀತ ಬರುತ್ತಿತ್ತು. ನನಗೆ ಊಟ ಸೇರದಾಯಿತು. ಮದುವೆಯಾದ ಮೂರನೇ ವರ್ಷ, ರಾಮನಗರದ ಹಳೇ ಬಸ್ ಸ್ಟ್ಯಾಂಡಿನ ಪಕ್ಕ ಒಂದು ಪೆಟ್ಟಿಗೆ ಅಂಗಡಿಯಲ್ಲಿ ವಾಚು ರಿಪೇರಿ ಮಾಡುತ್ತಿದ್ದ ಸಾಬರಿಗೆ ಮಾವನ ವಾಚನ್ನು ಎಂಟುನೂರು ರೂಪಾಯಿಗೆ ಕೊಟ್ಟು, ಅವರಿಂದಲೇ ಅಂಥದೇ ಒಂದು ಡಿಜಿಟಲ್ಲನ್ನು ತಂದೆ.

ಹೆಂಡತಿ ಜಯ ಎಂಟು ದಿನ ನನ್ನೊಡನೆ ಮಾತಾಡಲಿಲ್ಲ. ಒಂಬತ್ತನೇ ದಿನ, 'ಅಪ್ಪಂಗೆ ನಾನ್ ಯೋಳಾಕಿಲ್ಲ. ನೀವೇ ಯೋಳ್ಕಳಿ' ಎಂದಳು. ಆ 'ಯೋಳ್ಕಳಿ' ಈ ವರ್ಷದವರೆಗೆ ಬಾಕಿ ಉಳಿಯಿತು. ಡಿಜಿಟಲ್ ವಾಚು ಒಂದೇ ವರ್ಷ ಬಾಳಿತು. ಅಷ್ಟರಲ್ಲಿ ಕುದೂರಿನ ಹತ್ತಿರದ ನಮ್ಮೂರಿನಲ್ಲಿ ನಮ್ಮ ದೊಡ್ಡಪ್ಪನ ಹೆಣದ ಮುಂದೆ ಎಲ್ಲರೂ ತಲೆತಗ್ಗಿಸಿ ಕೂತಿದ್ದಾಗ ಕುಣಿಯುವ ಸಂಗೀತ ನುಡಿಸಿ ನನ್ನ ಮಾನ ತೆಗೆದಿತ್ತು.

ಮಾವನವರಂತೂ ನಾನು ಹೋದಾಗಲೆಲ್ಲ ಕೇಳುತ್ತಿದ್ದುದು ಒಂದೇ. 'ಬನ್ನಿ ಅಳಿಯಂದ್ರೇ. ಟೇಮೆಷ್ಟು?' ಗೋಡೆಯ ಮೇಲೆ ಗಡಿಯಾರ ಇದ್ದರೂ ನನ್ನನ್ನೇ ಕೇಳಬೇಕು. ನಾನು ಬರಿಗೈ ನೋಡಿ ಒಂದು ಹೊತ್ತು ಹೇಳುತ್ತಿದ್ದೆ. 'ವಾಚು?' 'ಲಾಕರಿನಲ್ಲಿದೆ ಮಾವ.' 'ಒಳ್ಳೇದು ಬುಡಿ, ಜ್ವಾಪಾನ.' ಈ ಚಟ ಹುಟ್ಟಿದ್ದೇ ಹೀಗೆ. ಹತ್ತು ವರ್ಷದಿಂದ ಅವರ ಕಣ್ಣಿಗೆ ಪೊರೆ ಬಂದಿತ್ತು. ದೇವರು ಕ್ಷಮಿಸಲಿ, ನನಗೆ ಅದರಿಂದ ಒಂದು ಬಗೆಯ ನೆಮ್ಮದಿಯೇ ಆಗಿತ್ತು.

ಆ ನೆಮ್ಮದಿ ಈ ವರ್ಷ ಸಂಕ್ರಾಂತಿಗೆ ಮುಗಿಯಿತು. ಮಾವನವರು ಎರಡೂ ಕಣ್ಣಿಗೆ ಆಪರೇಷನ್ ಮಾಡಿಸಿಕೊಂಡರು. ಕಪ್ಪು ಕನ್ನಡಕ ತೆಗೆದ ದಿನವೇ ನನ್ನ ತಲೆ ನೋಡಿ 'ಪೂರ್ತಿ ಓಯ್ತಲ್ಲಾ!' ಎಂದರು. ಅದೇ ತಿಂಗಳು ನಮ್ಮ ಮಗಳು ಸಿಂಧುವಿಗೆ ಕನಕಪುರದ ಕಡೆಯ ಹುಡುಗನೊಬ್ಬ ಒಪ್ಪಿಗೆಯಾದ. ಶ್ರಾವಣದಲ್ಲಿ ನಿಶ್ಚಿತಾರ್ಥ ಎಂದಾಯಿತು. ಸುದ್ದಿ ಹೇಳಲು ಹೋದಾಗ ಮಾವನವರು ಮೊಮ್ಮಗಳ ಕೈಹಿಡಿದು ಕೂತು, ನನ್ನ ಕಡೆ ತಿರುಗಿದರು.

'ಅಳಿಯಂದ್ರೇ, ಆ ವಾಚು ಲಾಕರ್‌ನಿಂದ ತಗೀರಿ. ನಿಶ್ಚಿತಾರ್ಥದಲ್ಲಿ ಹುಡ್ಗನ್ ಕೈಗೆ ನಾನೇ ಕಟ್ತೀನಿ. ಅದುಕ್ ಮುಂಚೆ ಒಂದ್ ದಪ ನನ್ ಕಣ್ಣಿಗ್ ತೋರ್ಸಿ. ಈಗ ಚೆಂದಾಗ್ ಕಾಣ್ತದೆ.'

'ಆಗಲಿ ಮಾವ' ಎಂದೆ. ಸಿಂಧುವಿನ ಮುಖ ಅರಳಿತ್ತು. ಜಯ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಮನೆಗೆ ಬಂದ ಮೇಲೆ ಹೇಳಿದಳು, 'ಮಾರ್ಬುಟ್ಟೆ ಅಂತ ಒಂದ್ ಮಾತ್ ಯೋಳಿ. ಪುಕ್ಕಟೆ ಆಯ್ತದೆ.'

ಪುಕ್ಕಟೆ ಆಗುವ ಕೆಲಸವನ್ನು ನಾನು ಜೀವನದಲ್ಲಿ ಯಾವತ್ತೂ ಮಾಡಿದವನಲ್ಲ. ಮಾರನೇ ದಿನವೇ ಸಾಬರ ಅಂಗಡಿ ಹುಡುಕಿಕೊಂಡು ಹೋದೆ.

ಪೆಟ್ಟಿಗೆ ಅಂಗಡಿ ಇರಲಿಲ್ಲ. ಆ ಜಾಗದಲ್ಲಿ ಗಾಜಿನ ಬಾಗಿಲಿನ ಮಳಿಗೆ. ಒಳಗೆ ಏಸಿ. ಬಾಗಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ಎಂದು ನಿಂತಿದ್ದಾಗ, ಕೌಂಟರಿನ ಹಿಂದಿನಿಂದ 'ಬನ್ನಿ ಸಾರ್, ನಾನು ಇಮ್ರಾನ್, ಎಂಟನೇ ಕ್ಲಾಸು, ಬೆಳಕಿನ ಪಾಠದಲ್ಲಿ ನಿಮ್ ಹತ್ರ ಒದೆ ತಿಂದಿದ್ದೆ' ಎಂದು ನಲವತ್ತರ ಗೃಹಸ್ಥನೊಬ್ಬ ಎದ್ದು ಬಂದ. ಸಾಬರ ಮಗ. ಅಪ್ಪ ರಿಪೇರಿ ಮಾಡುತ್ತಿದ್ದ ಕಡೆ ಇವನು ಹಳೆಯ ದುಬಾರಿ ವಾಚುಗಳನ್ನು ಕೊಂಡು ಮಾರುತ್ತಾನೆ. ಗಿರಾಕಿಗಳು ಬೆಂಗಳೂರು, ಮುಂಬೈ, ದುಬೈನಲ್ಲಿದ್ದಾರೆ. ಸರಕು ಮಾತ್ರ ಕೆಲವು ಸಲ ಇಲ್ಲಿಯದೇ. ಹಾರೋಹಳ್ಳಿ ಕಡೆ ಜಮೀನಿಗೆ ಪರಿಹಾರ ಬಂದಾಗ ಆಸೆಗೆ ಕೊಂಡವರು, ಈಗ ಮನೆ ಕಟ್ಟಿಸಲು ಮಾರುತ್ತಾರಂತೆ. ಸಾಬರು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಅವರಿಗೆ ಮನುಷ್ಯರ ಹೆಸರು ಮರೆತುಹೋಗಿದೆ. ತಾವು ಬಿಚ್ಚಿದ ವಾಚು ಒಂದೂ ಮರೆತಿಲ್ಲ. ನನ್ನನ್ನು ನೋಡಿ, 'ಕಪ್ಪು ಡಯಲ್ಲು. ಮೂರರ ಹತ್ರ ತಾರೀಕು. ಎಂಟುನೂರು' ಎಂದರು. ಅದು ಆ ವಾರವೇ ಯಾರೋ ದಾರಿಹೋಕರ ಕೈ ಸೇರಿತ್ತಂತೆ.

ಇಮ್ರಾನ್ ಅಪ್ಪನಿಂದ ವಿವರ ಕೇಳಿ, ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಅದೇ ಮುಖ.

'ಇದೇ ಮಾಡೆಲ್ ಒಂದು ಬೆಂಗಳೂರಲ್ಲಿ ಐತೆ ಸಾರ್, ತರಿಸ್ತೀನಿ. ಮೂರೂ ಅರವತ್ತು.'

'ಮೂರುನೂರ ಅರವತ್ತಾ?'

ಇಮ್ರಾನ್ ನಗಲಿಲ್ಲ. ಒದೆ ತಿಂದ ವಿದ್ಯಾರ್ಥಿಗೆ ಅಷ್ಟು ಸಭ್ಯತೆ ಇತ್ತು. 'ಲಕ್ಷ ಸಾರ್' ಎಂದ.

ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎಂಬ ಗಾದೆಯನ್ನು ನಾನು ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದೇನೆ. ಆನೆಯ ರೇಟು ಕೇಳಿದ್ದು ಆವತ್ತೇ.

ನನಗೆ ಅರ್ಥವಾಗದ್ದು ಒಂದೇ. ನಮ್ಮಪ್ಪ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದ. ಹಲ್ಲು ಕೂಡಿ ವಯಸ್ಸಾದ ಎತ್ತಿಗೆ ಬೆಲೆ ಇಳಿಯುತ್ತಿತ್ತು. ಇಲ್ಲಿ ಹಳೆಯದಾದಷ್ಟೂ ಏರುತ್ತದೆ. ಹೊಸದಕ್ಕೆ ಕಂಪನಿಯವರು ಸರದಿಯಲ್ಲಿ ಕಾಯಿಸುತ್ತಾರಂತೆ, ಕಾಯಲಾರದ ಶ್ರೀಮಂತರು ಹಳೆಯದಕ್ಕೆ ಮುಗಿಬೀಳುತ್ತಾರಂತೆ. ಇನ್ನೂ ವಿಚಿತ್ರವೆಂದರೆ ಅದರ ಮೈಮೇಲೆ ಗೀರು ಇರಬೇಕು. ಇಮ್ರಾನ್ ಪಾಠ ಮಾಡಿದ, ನಾನು ಕೈಕಟ್ಟಿ ಕೇಳಿದೆ. 'ಕಂಪನಿಯಿಂದ ಬಂದ ಮೇಲೆ ಯಾರೂ ಉಜ್ಜಿರಬಾರದು ಸಾರ್. ಪಾಲಿಶ್ ಆದ್ರೆ ಅಂಚು ಸವೆದೋಗ್ತದೆ, ಅರ್ಧ ರೇಟು ಅಲ್ಲೇ ಖಲಾಸ್. ಉಜ್ಜದೇ ಇರೋದು ಅಂತ್ಲೇ ಈ ಬೆಲೆ.'

ಒಂದು ವಾರ ಬಿಟ್ಟು ವಾಚು ಬಂತು. ಇಮ್ರಾನ್ ಬಿಳಿಯ ಕೈಗವಸು ಹಾಕಿಕೊಂಡು, ಮಗುವನ್ನು ಎತ್ತಿದ ಹಾಗೆ ಅದನ್ನೆತ್ತಿ ನನ್ನ ಅಂಗೈಯಲ್ಲಿಟ್ಟ. ಆಮೇಲೆ ನಾನು ಮಾಡಿದ ಕೆಲಸಕ್ಕೆ ನಾನು ಹೊಣೆಯಲ್ಲ, ನನ್ನ ಬಾಲ್ಯ ಹೊಣೆ. ನಾವು ರೇಷ್ಮೆ ಬೆಳೆಯುತ್ತಿದ್ದವರು. ಗೂಡು ಬಿಡಿಸಿ, ಚೀಲ ತುಂಬಿ, ಬೆಳಗಿನ ಬಸ್ಸಿಗೆ ಹಾಕಿಕೊಂಡು ಅಪ್ಪನ ಜೊತೆ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಬರುತ್ತಿದ್ದೆ. ಕೊಳ್ಳುವವರು ರಾಶಿಗೆ ಕೈಹಾಕಿ ಒಂದು ಗೂಡನ್ನೆತ್ತಿ, ಕಿವಿಯ ಹತ್ತಿರ ಹಿಡಿದು ಗಲಗಲ ಅಲ್ಲಾಡಿಸುತ್ತಿದ್ದರು. ಒಳಗೆ ಹುಳು ಟಕ್ ಟಕ್ ಎಂದರೆ ಮಾಲು ಸರಿಯಿದೆ. ಸದ್ದು ಬರದಿದ್ದರೆ ಹುಳು ಒಳಗೇ ಕರಗಿದೆ, ಬೆಲೆ ಇಲ್ಲ. ಅವರು ಅಲ್ಲಾಡಿಸುವಾಗ ಅಪ್ಪನ ಮುಖದಲ್ಲಿ ಬೆವರು ಕಾಣುತ್ತಿತ್ತು. ನಾನೂ ಉಸಿರು ಬಿಗಿಹಿಡಿಯುತ್ತಿದ್ದೆ. ನನ್ನ ಕೈಗೆ ಗೊತ್ತಿರುವ ಪರೀಕ್ಷೆ ಅದೊಂದೇ. ಮೂರೂ ಅರವತ್ತರ ವಾಚನ್ನು ಕಿವಿಯ ಹತ್ತಿರ ಹಿಡಿದು ಗಲಗಲ ಅಲ್ಲಾಡಿಸಿದೆ.

'ಸಾರ್!' ಎಂದು ಇಮ್ರಾನ್ ಕೌಂಟರಿನ ಮೇಲಿಂದಲೇ ಹಾರಿ ನನ್ನ ಮೊಣಕೈ ಹಿಡಿದ. ಮೂಲೆಯಲ್ಲಿ ಸಾಬರು ಕಣ್ಣುಮುಚ್ಚಿ ಏನೋ ಪ್ರಾರ್ಥಿಸಿದರು. ವಾಚು ಏನೂ ಆಗದೆ ಟಿಕ್‌ಟಿಕ್ ಎಂದು ನಡೆಯುತ್ತಿತ್ತು. 'ಸದ್ದು ಚೆನ್ನಾಗಿದೆ' ಎಂದೆ ನಾನು.

ಅಂದೇ ಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಕೊಳ್ಳಲಿಲ್ಲ. ನಿವೃತ್ತಿಯ ದುಡ್ಡಿನಲ್ಲಿ ಒಂದು ಸಣ್ಣ ಕಾರು ಕೊಂಡು ಜಯಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಾಗಡಿ ದಾರಿಯಲ್ಲಿ ಹೋಗಬೇಕೆಂದು ನನಗೊಂದು ಕನಸಿತ್ತು. ಆ ಕಾರು ಮಣಿಕಟ್ಟಿನ ಮೇಲೆ ಕೂರುವುದನ್ನು ಒಪ್ಪಲು ಮನಸ್ಸು ಬರಲಿಲ್ಲ. ಜೊತೆಗೆ ಅಪ್ಪನ ಉಪದೇಶ ಬೇರೆ ತಲೆಯಲ್ಲಿತ್ತು. ಅಪ್ಪ ಎತ್ತಿನ ವ್ಯಾಪಾರ ಮಾಡುತ್ತಿದ್ದುದು ಟವೆಲಿನ ಕೆಳಗೆ. ದಲ್ಲಾಳಿ ಇವನ ಕೈಹಿಡಿದು ಮೇಲೆ ಟವೆಲ್ ಮುಚ್ಚಿಕೊಂಡರೆ, ಒಳಗೆ ಬೆರಳುಗಳೇ ಬೆಲೆ ಆಡುತ್ತಿದ್ದವು. ಪಕ್ಕದಲ್ಲಿ ನಿಂತ ನನಗೆ ಕಾಣುತ್ತಿದ್ದುದು ಎರಡು ಮುಖಗಳು ಮಾತ್ರ. ಅಪ್ಪನ ಮುಖ ಯಾವಾಗಲೂ ಆಗಲೇ ಎದ್ದು ಹೊರಡುವವನ ಹಾಗಿರುತ್ತಿತ್ತು. 'ಬೇಕು ಅಂತ ಕಣ್ಣಲ್ಲಿ ಕಾಣುಸ್ದೆ ಅಂದ್ರೆ ಕೆಟ್ಟೆ ಕಣ್ಲಾ' ಎನ್ನುತ್ತಿದ್ದ. ನಾನೂ ಬೇಡದವನ ಮುಖ ಮಾಡಿ, 'ನೋಡೋಣ ಇಮ್ರಾನ್' ಎಂದು ಎದ್ದು ಬಂದೆ. ಇಮ್ರಾನ್ ಹಿಂದೆ ಓಡಿ ಬರಲಿಲ್ಲ. ಮಾರನೇ ದಿನ ಅದು ಬೇರೆಯವರ ಪಾಲಾಯಿತು.

ಯುಗಾದಿಗೆ ಇನ್ನೊಂದು ಬಂತು. ನಾಲ್ಕೂ ಹತ್ತು. ಹಿಂದಿನದಕ್ಕಿಂತ ಐವತ್ತು ಸಾವಿರ ಹೆಚ್ಚು ಕೊಡುವುದು ಮೂರ್ಖತನ ಅನ್ನಿಸಿತು. ಇಳಿಯುತ್ತದೆ, ಇಳಿಯಲೇಬೇಕು, ಏರಿದ್ದು ಇಳಿಯದೆ ಎಲ್ಲಿಗೆ ಹೋಗುತ್ತದೆ ಎಂದು ಗುರುತ್ವಾಕರ್ಷಣೆಯ ಪಾಠ ಮಾಡಿದವನ ಧೈರ್ಯದಿಂದ ಕಾದೆ. ಬೇಸಿಗೆ ಕಳೆಯುವಾಗ ನಾಲ್ಕೂ ಎಪ್ಪತ್ತಾಯಿತು. ಅಷ್ಟರಲ್ಲಿ ನನಗೆ ಹೊಸ ಚಟ ಅಂಟಿಕೊಂಡಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮುಂಚೆ ಫೋನಿನಲ್ಲಿ ವಾಚಿನ ರೇಟು. ಹಿಂದೆ ಅಪ್ಪ ಗೂಡಿನ ರೇಟು ಕೇಳಲು ರೇಡಿಯೋ ಮುಂದೆ ಕೂರುತ್ತಿದ್ದನಲ್ಲ, ಹಾಗೆ. ಅಪ್ಪ ಏರಲಿ ಎಂದು ಕೂರುತ್ತಿದ್ದ, ನಾನು ಇಳಿಯಲಿ ಎಂದು. ರೇಟು ಏರಿದರೆ ಬೇಗ ಕೊಳ್ಳಬೇಕಿತ್ತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಒಂದು ದಿನ ಇಳಿದರೆ ಇನ್ನೂ ಇಳಿಯಬಹುದಲ್ಲ ಎಂದು ಕೈ ಹಿಂದೇಟು ಹಾಕುತ್ತಿತ್ತು. 'ಇಮ್ರಾನ್, ಕೊನೇ ರೇಟು ಹೇಳಪ್ಪ' ಎಂದು ಬರೆಯುವುದು, ಅಳಿಸುವುದು, 'ಚೆನ್ನಾಗಿದ್ದೀಯಾ' ಎಂದು ಕಳಿಸುವುದು. ಅವನು 'ಚೆನ್ನಾಗಿದೀನಿ ಸಾರ್. ಇವತ್ತು ಐದು' ಎಂದು ಉತ್ತರಿಸುವುದು. ಫೋನು ಟವೆಲ್ ಅಲ್ಲ. ಅದರ ಕೆಳಗೆ ಕಣ್ಣಿನ ಆಸೆ ಮುಚ್ಚಿಡಲು ಆಗುವುದಿಲ್ಲ.

ನನ್ನ ತೂಕ ಇಳಿಯಿತು. ಸಿಂಧು ಹೆದರಿ ರಕ್ತಪರೀಕ್ಷೆ ಮಾಡಿಸಿದಳು. ಜಯ ಮಾತ್ರ ಸೊಪ್ಪು ಬಿಡಿಸುತ್ತ, 'ಇವತ್ತಿಗೂ ಅದು ಪುಕ್ಕಟೇನೆ. ಏರಿಲ್ಲ' ಎಂದಳು. ಅವಳು ಹೇಳುತ್ತಿದ್ದುದು ಆ ಒಂದು ಮಾತಿನ ರೇಟು.

ಯಾಕೆ ಹೇಳಲಾಗಲಿಲ್ಲ ಎಂದು ನನಗೂ ಸರಿಯಾಗಿ ಗೊತ್ತಿಲ್ಲ. ಮಾವ ಬೈಯುತ್ತಾರೆಂಬ ಭಯವಲ್ಲ. ಅವರು ಯಾರನ್ನೂ ಬೈದವರಲ್ಲ. ಮಂಟಪದಲ್ಲಿ ಅದನ್ನು ಕಟ್ಟುವಾಗ ಅವರ ಬೆರಳು ನಡುಗುತ್ತಿತ್ತು. ಅರಗಿನ ಬಿಸಿಗೆ ಸುಟ್ಟು ಗಟ್ಟಿಯಾದ ಬೆರಳು. ತಮ್ಮ ಬದುಕಿನಲ್ಲಿ ಬೇರೆಯವರು ಪ್ರೀತಿಯಿಂದ ಕೊಟ್ಟ ಒಂದೇ ಒಂದು ಒಡವೆಯನ್ನು ತಾವು ಒಂದು ದಿನವೂ ಹಾಕಿಕೊಳ್ಳದೆ ನನಗೆ ಕೊಟ್ಟಿದ್ದರು. ನಾನು ಅದನ್ನು ಗಂಟೆಗೊಮ್ಮೆ ಹಾಡುವ ಪ್ಲಾಸ್ಟಿಕ್ಕಿಗೆ ಮಾರಿದೆ. ಇದನ್ನು ಹೇಳುವುದಕ್ಕಿಂತ ಐದು ಲಕ್ಷ ಕೊಡುವುದು ಸುಲಭ ಅನ್ನಿಸಿತು. ನಾಚಿಕೆಯ ಬೆಲೆ ವಾಚಿನ ಬೆಲೆಗಿಂತ ಬೇಗ ಏರುತ್ತದೆ.

ಆಷಾಢದ ಕೊನೆಯ ವಾರ, ಐದೂ ನಲವತ್ತಕ್ಕೆ ಕೊಂಡೆ. ಉಜ್ಜದೇ ಇದ್ದದ್ದು, ಅಂಚು ಸವೆಯದ್ದು, ಮಂಕಾಗಿ, ಮೈತುಂಬ ಸಣ್ಣ ಗೀರು ಇದ್ದದ್ದು. 'ಬಟ್ಟೇಲೂ ಜೋರಾಗ್ ಒರೆಸ್ಬೇಡಿ ಸಾರ್' ಎಂದ ಇಮ್ರಾನ್. ಜಯ ಪೆಟ್ಟಿಗೆಯೊಳಗೆ ಇಣುಕಿ ನೋಡಿ, ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು. 'ನಿಮ್ ದುಡ್ಡು, ನಿಮ್ ಪಾಪ' ಎಂದಷ್ಟೇ ಹೇಳಿದಳು.

ಭಾನುವಾರ ಬೆಳಿಗ್ಗೆ ಇಬ್ಬರೂ ಚನ್ನಪಟ್ಟಣಕ್ಕೆ ಹೊರಟೆವು. ಹನ್ನೆರಡು ಕಿಲೋಮೀಟರಿನ ದಾರಿ. ವಾಚನ್ನು ಕೈಗೆ ಕಟ್ಟಲು ಧೈರ್ಯವಿಲ್ಲ, ಚೀಲದಲ್ಲಿಡಲೂ ಧೈರ್ಯವಿಲ್ಲ. ಕಾಲುಚೀಲದಲ್ಲಿ ಸುತ್ತಿ, ರಾಗಿಹಿಟ್ಟಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ತೊಡೆಯ ಮೇಲಿಟ್ಟು ತಬ್ಬಿಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದಲ್ಲಿ ಕೂತ ಅಜ್ಜಿ, 'ಏನಪ್ಪ, ತುಪ್ಪವಾ?' ಎಂದಳು. 'ಹಿಟ್ಟು' ಎಂದೆ. 'ಹಿಟ್ಟುನ್ ಡಬ್ಬಿನ ಇಂಗ್ ಅಮಿಕ್ಕಂಡಿದ್ದೀಯ?' ಎಂದು ಅವಳು ಇಳಿಯುವವರೆಗೂ ಅದನ್ನೇ ನೋಡುತ್ತಿದ್ದಳು. ರಸ್ತೆಯ ಒಂದೊಂದು ಉಬ್ಬಿಗೂ ನನಗೆ ಹತ್ತು ಸಾವಿರ ಉದುರಿದ ಹಾಗಾಗುತ್ತಿತ್ತು.

ಮಾವನವರು ಪಡಸಾಲೆಯಲ್ಲಿ ಕಾಯುತ್ತಿದ್ದರು. 'ಬನ್ನಿ ಅಳಿಯಂದ್ರೇ. ಟೇಮೆಷ್ಟು?' ನಾನು ಎಂದಿನಂತೆ ಬರಿಗೈ ನೋಡಿ 'ಹತ್ತೂವರೆ' ಎಂದೆ. ಆಮೇಲೆ ಡಬ್ಬಿ ತೆರೆದು, ಹಿಟ್ಟು ಕೊಡವಿ, ವಾಚನ್ನು ಅವರ ಕೈಗಿಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಹಿಂಬದಿಯ ಮೇಲೆ ಹೆಬ್ಬೆರಳು ಆಡಿಸಿದರು. ಒಂದು ಸಲ, ಎರಡು ಸಲ. ನಾನು ಗೂಡಿನ ಮಾರ್ಕೆಟ್ಟಿನಲ್ಲಿ ಅಪ್ಪನ ಪಕ್ಕ ನಿಂತಿದ್ದ ಹಾಗೆ ಉಸಿರು ಬಿಗಿಹಿಡಿದು ನಿಂತಿದ್ದೆ.

'ಇದು ನಂದಲ್ಲ' ಎಂದರು ಮಾವ.

ಜಯ ನೆಲ ನೋಡಿದಳು.

'ನಂದು ಕನ್ನಡಿ ಇದ್ದಂಗಿತ್ತು. ಆ ದೊರೆ ಕೊಟ್ಟಾಗ ಇಂಗೇ ಮಂಕಾಗಿತ್ತು. ಮದ್ವೆ ಗಂಡಿಗೆ ಮಂಕು ಸಾಮಾನು ಕಟ್ಟಕಾಯ್ತದಾ? ಮೂರ್ ದಿನ ಕೂತು ನಾನೇ ಉಜ್ಜಿದ್ದೆ.'

ಆಲ್ಬಮ್ಮಿನ ಬಿಳಿ ಚುಕ್ಕೆ ನನ್ನ ಕಣ್ಣಮುಂದೆ ಬಂತು. ನುಣುಪಾದ ಮೇಲ್ಮೈ ಬೆಳಕನ್ನು ಒಂದೇ ದಿಕ್ಕಿಗೆ ಹಿಂತಿರುಗಿಸುತ್ತದೆ, ಒರಟು ಮೇಲ್ಮೈ ಚದುರಿಸುತ್ತದೆ. ಇದನ್ನು ಮೂವತ್ತು ವರ್ಷ ಪಾಠ ಮಾಡಿ, ತಪ್ಪು ಹೇಳಿದ್ದಕ್ಕೆ ಇಮ್ರಾನನಿಗೆ ಒದ್ದವನು ನಾನು. ಆ ಚುಕ್ಕೆಯನ್ನು ಮೂವತ್ತೊಂದು ವರ್ಷ ನೋಡಿಯೂ ನನಗೆ ಹೊಳೆಯಲಿಲ್ಲ. ಉಜ್ಜದೇ ಇರುವುದಕ್ಕೆಂದೇ ಹೆಚ್ಚು ಬೆಲೆ ಕೊಟ್ಟು ತಂದಿದ್ದೆ!

ಬೈಗುಳಕ್ಕೆ ಕಾದೆ. ಮಾವ ಮೊಣಕಾಲಿಗೆ ಕೈಯೂರಿ ಎದ್ದು, ವಾಚನ್ನು ಹಿಡಿದುಕೊಂಡು ಹಿಂದಿನ ಚಾವಡಿಗೆ ನಡೆದರು. ಲೇತಿನ ಮುಂದೆ ಕೂತು ವಾಚಿನ ಬೆಲ್ಟು ಬಿಚ್ಚಿದರು. ಗಾಜಿನ ಮೇಲೆ ಟೇಪು ಅಂಟಿಸಿದರು. ನುಣ್ಣನೆಯ ಉಪ್ಪುಕಾಗದದ ಚೂರೊಂದನ್ನು ನೀರಿನಲ್ಲಿ ಅದ್ದಿದರು. ಏನಾಗಲಿದೆ ಎಂದು ನನಗೆ ತಿಳಿಯಿತು. 'ಅರ್ಧ ರೇಟು ಅಲ್ಲೇ ಖಲಾಸ್ ಸಾರ್' ಎಂದು ಇಮ್ರಾನ್ ಕಿವಿಯಲ್ಲಿ ಕೂಗಿದ ಹಾಗಾಯಿತು. ಬೇಡ ಮಾವ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಹಾಗಂದರೆ ಅವರ ಕೈಯನ್ನೇ ಬೇಡವೆಂದ ಹಾಗೆ. ಒಂದು ಸಲ ಅದನ್ನು ಎಂಟುನೂರಕ್ಕೆ ಬೇಡವೆಂದಿದ್ದೆ. ಎರಡನೇ ಸಲ ಹೇಳಲು ನಾಲಿಗೆ ಏಳಲಿಲ್ಲ. ಜಯ ಬಂದು ನನ್ನ ತೋಳು ಹಿಡಿದುಕೊಂಡಳು.

ಮುಕ್ಕಾಲು ಗಂಟೆ ಉಜ್ಜಿದರು. ಮೊದಲು ಕಾಗದ, ಆಮೇಲೆ ಲೇತಿಗೆ ಬಟ್ಟೆಯ ಚಕ್ರ ಕಟ್ಟಿ ಅದಕ್ಕೆ ಹಿಡಿದರು. ಅಂಚುಗಳು ಒಂದೊಂದಾಗಿ ದುಂಡಗಾದವು. ಗೀರುಗಳು ಹೋದವು. ಮೊದಮೊದಲು ಪ್ರತಿ ಗೀರಿಗೂ ಮನಸ್ಸಿನಲ್ಲಿ ಬೆಲೆ ಕಳೆಯುತ್ತಿದ್ದೆ. ಎರಡು ಲಕ್ಷದ ಹತ್ತಿರ ಬಂದಾಗ ಲೆಕ್ಕ ತಪ್ಪಿತು. ಆಮೇಲೆ ಅವರ ಕೈಯನ್ನು ಮಾತ್ರ ನೋಡುತ್ತ ಕೂತೆ. ಎಂಬತ್ತನಾಲ್ಕರ ಕೈ ಲೇತಿನ ಮುಂದೆ ಒಂದಿಷ್ಟೂ ನಡುಗುತ್ತಿರಲಿಲ್ಲ. ಸಂಕ್ರಾಂತಿಯಿಂದ ಎದೆಯ ಮೇಲೆ ಕೂತಿದ್ದ ಭಾರ ಎಲ್ಲಿ ಇಳಿಯಿತೋ ಗೊತ್ತಾಗಲಿಲ್ಲ.

ಮಾವ ಬೆಲ್ಟು ಹಾಕಿ, ಪಂಚೆಯ ತುದಿಯಲ್ಲಿ ಒರೆಸಿ, ವಾಚನ್ನು ನನ್ನ ಕಡೆ ಚಾಚಿದರು.

'ತಗಳಿ. ಈಗ ನಂದಾಯ್ತು.'

ಆಗ ನನ್ನ ಬಾಯಿಂದ ಅದು ಬಂತು. 'ಮಾವ, ಅದನ್ನ ನಾನು ಮಾರ್ಬುಟ್ಟೆ. ಮದುವೆಯಾದ ಮೂರನೇ ವರ್ಷವೇ. ತಪ್ಪಾಯ್ತು.'

'ಹ್ಞೂಂ' ಎಂದರು. ಸ್ವಲ್ಪ ಹೊತ್ತು ಲೇತಿನ ಮೇಲಿನ ಧೂಳು ಒರೆಸಿದರು. 'ಎಷ್ಟುಕ್ಕೆ?'

'ಎಂಟುನೂರು.'

'ಮೋಸ ಓಗ್ಬುಟ್ರಿ ಬುಡಿ.' ಮತ್ತೆ ಧೂಳು ಒರೆಸಿದರು. 'ಇದುಕ್ಕೆಷ್ಟು ಕೊಟ್ರಿ?'

ನಾನು ಜಯಳ ಮುಖ ನೋಡಿದೆ. ಅವಳು ಸೂರಿನ ಹೆಂಚು ಎಣಿಸುತ್ತಿದ್ದಳು.

'ಒಸಿ ಜಾಸ್ತಿ ಆಯ್ತು ಮಾವ' ಎಂದೆ.

ಒಂದು ಸುಳ್ಳು ತೀರಿದ ಐದು ನಿಮಿಷದಲ್ಲಿ ಇನ್ನೊಂದು ಹುಟ್ಟಿತು. ಇದಕ್ಕೂ ಇಪ್ಪತ್ತೆಂಟು ವರ್ಷ ಆಯುಸ್ಸಿರಲಿ, ಅದನ್ನು ಕೇಳಲು ಮಾವನವರೂ ಇರಲಿ. ಅವರು ನನ್ನ ಎಡಗೈ ಎಳೆದು ಮಚ್ಚೆಯ ಮೇಲೆ ವಾಚು ಕಟ್ಟಿದರು. 'ನಿಶ್ಚಿತಾರ್ಥದ್ ಗಂಟ ನೀವೇ ಆಕ್ಕಂಡ್ ಓಡಾಡಿ. ಕೈ ಆಡ್ದಿದ್ರೆ ಇದು ನಿಂತೋಯ್ತದೆ' ಎಂದರು. ಮೂವರೂ ಅಂಗಳಕ್ಕೆ ಬಂದೆವು. ಶ್ರಾವಣಕ್ಕೆ ಮುಂಚಿನ ಬಿಸಿಲು ಮೋಡದಿಂದ ಆಗತಾನೆ ಹೊರಬಂದಿತ್ತು.

'ಅಳಿಯಂದ್ರೇ' ಎಂದರು ಮಾವ. 'ಈಗ್ ಯೋಳಿ, ಟೇಮೆಷ್ಟು?'

ಕೈ ತಾನಾಗಿ ಮೇಲೆದ್ದಿತು. ಬಲಗೈ ತೋಳು ಸರಿಸಿತು. ಅಂದಾಜಿನ ಮೇಲೆ ಒಂದು ಹೊತ್ತು ಹೇಳಿಬಿಡುತ್ತಿದ್ದೆನೇನೋ. ಆದರೆ ಬಿಸಿಲು ವಾಚಿನ ಮೇಲೆ ಬಿದ್ದು ನೇರ ನನ್ನ ಕಣ್ಣಿಗೇ ಹೊಡೆಯಿತು. ಮುಳ್ಳೂ ಕಾಣಲಿಲ್ಲ, ಡಯಲ್ಲೂ ಕಾಣಲಿಲ್ಲ.

'ಕಾಣ್ತಾ ಇಲ್ಲ ಮಾವ' ಎಂದೆ. 'ಹೊಡೀತಾ ಐತೆ.'

'ಹಂಗಿರ್ಬೇಕು' ಎಂದರು ಅವರು.